ನಾಯಿಯ ಫೋಟೊ ತೆಗೆಸಲು ವೃತ್ತಿಪರರನ್ನು ಗೊತ್ತುಮಾಡುವ ಮುನ್ನ ಏನೇನು ಕೇಳಿಕೊಳ್ಳಬೇಕು?

ಕಾಳಿಯ ಮನೆ, ಮೈಸೂರು

ನಮ್ಮ ಕಾಳಿಗೆ ಹತ್ತು ವರ್ಷ ದಾಟಿದೆ. ಅವಳು ಬೀದಿಯಿಂದ ಮನೆಗೆ ಬಂದ ನಾಡನಾಯಿ. ಮೈಯೆಲ್ಲ ಕಡುಕಪ್ಪು, ಮೂತಿಯ ಸುತ್ತ ಮಾತ್ರ ಈಚೆಗೆ ನರೆ ಮೂಡಿದೆ. ಮನೆಯವರೆಲ್ಲರ ಮೊಬೈಲುಗಳಲ್ಲಿ ಅವಳ ಚಿತ್ರಗಳು ತುಂಬಿವೆಯಾದರೂ ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಎಲ್ಲದರಲ್ಲಿಯೂ ಅವಳ ಮುಖದ ಬದಲು ಒಂದು ಕಪ್ಪು ಆಕಾರವಷ್ಟೇ ಕಾಣುತ್ತದೆ. ಆದ್ದರಿಂದ ವೃತ್ತಿಪರ ಛಾಯಾಗ್ರಾಹಕರೊಬ್ಬರಿಂದ ಫೋಟೊ ತೆಗೆಸಬೇಕೆಂದು ಮನಸ್ಸು ಮಾಡಿದ್ದೇನೆ.

ಆದರೆ ಮುಂಗಡ ಕಟ್ಟಲು ಧೈರ್ಯ ಸಾಲುತ್ತಿಲ್ಲ. ಅವಳಿಗೆ ಅಪರಿಚಿತರನ್ನು ಕಂಡರೆ ಭಯ. ಗಂಡಸರು ಮನೆಗೆ ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. "ಕೂರು" ಎಂದರೆ ಮನಸ್ಸಿದ್ದಾಗ ಮಾತ್ರ ಕೂರುತ್ತಾಳೆ. ಹೊರಗೆ ಹೋದಾಗ ಹಗ್ಗ ಬಿಚ್ಚುವಂತಿಲ್ಲ. ಫ್ಲ್ಯಾಶ್ ಬೆಳಕಿನಿಂದ ಅವಳ ಕಣ್ಣಿಗೆ ತೊಂದರೆಯಾಗುತ್ತದೆಯೇ, ಒಂದೂ ಚಿತ್ರ ಸರಿಬಾರದಿದ್ದರೆ ಹಣದ ಗತಿಯೇನು, ಆ ಚಿತ್ರಗಳನ್ನು ಅವರು ತಮ್ಮ ಜಾಹೀರಾತಿಗೆ ಬಳಸಿಕೊಂಡರೆ ನಾನು ಬೇಡವೆನ್ನಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಚಿನ್ನಿ ಮತ್ತು ಗುಂಡ

ಹತ್ತು ವರ್ಷ ದಾಟಿದೆ ಎಂದ ಮೇಲೆ ಮುಂದಿನ ವರ್ಷಕ್ಕೆಂದು ಮಾತ್ರ ಮುಂದೂಡಬೇಡಿ.

ಬೆಳಗಿನ ಬಿಸಿಲು, ಬೆಂಗಳೂರು

ನಾನು ಸಾಕುಪ್ರಾಣಿಗಳ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಂಡವನು. ನನ್ನ ಮಾತಿನಲ್ಲಿ ವೃತ್ತಿಯ ಕಡೆಗೆ ಒಲವಿದ್ದರೆ ಅದನ್ನು ಕಳೆದು ಓದಿಕೊಳ್ಳಿ.

ಮೊದಲಿಗೆ, ನಾಯಿ ಕುಳಿತುಕೊಳ್ಳಲೇಬೇಕೆಂಬ ನಿಯಮವಿಲ್ಲ. ನಿಂತಿರುವ ಅಥವಾ ಮಲಗಿರುವ ನಾಯಿಗೆ ಸೆಕೆಂಡಿನ 1/250ರಿಂದ 1/500 ಭಾಗದ ಷಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಸಮಯ) ಸಾಕು, ಓಡುವ ನಾಯಿಗೆ 1/1000 ಅಥವಾ ಅದಕ್ಕಿಂತ ಚುರುಕಾದ ವೇಗ ಬೇಕು. ಎರಡನ್ನೂ ಇಂದಿನ ಕ್ಯಾಮೆರಾಗಳು ಸುಲಭವಾಗಿ ಕೊಡುತ್ತವೆ. ಹಗ್ಗದ ಬಗ್ಗೆಯೂ ಚಿಂತೆ ಬೇಡ. ಹಗ್ಗವನ್ನು ಕಾಲುಗಳ ಮೇಲೆ ಹಾಯದಂತೆ ಮೇಲಕ್ಕೆ ಎತ್ತಿ ಹಿಡಿದು, ನಾಯಿ ಸರಿದ ಮೇಲೆ ಅದೇ ಜಾಗದ ಖಾಲಿ ಚಿತ್ರವೊಂದನ್ನು ತೆಗೆದುಕೊಂಡರೆ, ಆಮೇಲೆ ಕಂಪ್ಯೂಟರಿನಲ್ಲಿ ಹಗ್ಗವನ್ನು ಗುರುತೇ ಉಳಿಯದಂತೆ ಅಳಿಸಬಹುದು. ಅಂಜುವ ನಾಯಿಗಳಿಗೆ ನಾನು 70-200 ಮಿಲಿಮೀಟರಿನ ಲೆನ್ಸ್ ಬಳಸುತ್ತೇನೆ. ಅದರಿಂದ ಹಲವು ಮೀಟರ್ ದೂರದಲ್ಲಿ ನೆಲದ ಮೇಲೆ ಕುಳಿತು ಕೆಲಸ ಮಾಡಲು ಸಾಧ್ಯ.

ನಿಮ್ಮ ನಿಜವಾದ ಸವಾಲು ಕಪ್ಪು ಬಣ್ಣ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದನ್ನು ನಡುಮಟ್ಟದ ಬೂದುಬಣ್ಣವೆಂದೇ ಭಾವಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಕಪ್ಪು ನಾಯಿ ಚೌಕಟ್ಟನ್ನು ತುಂಬಿದ್ದರೆ ಚಿತ್ರದಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ, ಬಿಸಿಲಿನ ಹಿನ್ನೆಲೆಯಲ್ಲಿ ಚಿಕ್ಕದಾಗಿ ನಿಂತಿದ್ದರೆ ವಿವರವೇ ಇಲ್ಲದ ಕಪ್ಪು ಕಲೆಯಾಗುತ್ತದೆ. 2019ರಿಂದೀಚೆಗೆ ಪ್ರಾಣಿಗಳ ಕಣ್ಣನ್ನು ತಾನೇ ಗುರುತಿಸುವ ಕ್ಯಾಮೆರಾಗಳು ಬಂದಿವೆ ನಿಜ, ಆದರೆ ಮಂದ ಬೆಳಕಿನಲ್ಲಿ ಕಪ್ಪು ಕೂದಲಿನ ನಡುವಿನ ಕಪ್ಪು ಕಣ್ಣನ್ನು ಅವು ಇಂದಿಗೂ ಗುರುತಿಸದೆ ಹೋಗುವುದುಂಟು. ಬಯಲಿಗೆ ಮುಖ ಮಾಡಿದ ನೆರಳಿನ ಜಾಗ, ಅಂದರೆ ಜಗಲಿಯ ಅಂಚು ಅಥವಾ ದೊಡ್ಡ ಕಿಟಕಿಯ ಪಕ್ಕ, ಇಂಥ ನಾಯಿಗೆ ಅತ್ಯುತ್ತಮ. ನೀವು ಗೊತ್ತುಮಾಡುವವರನ್ನು "ಕಪ್ಪು ನಾಯಿಯ ಚಿತ್ರಗಳನ್ನು ತೋರಿಸಿ" ಎಂದು ಕೇಳಿ. ಹೊಂಬಣ್ಣದ ಗೋಲ್ಡನ್ ರಿಟ್ರೀವರುಗಳ ಚಿತ್ರಗಳನ್ನಷ್ಟೇ ತೋರಿಸಿದರೆ ಒಪ್ಪಿಕೊಳ್ಳಬೇಡಿ.

ಮೊಬೈಲೇ ಸಾಕು, ಹುಬ್ಬಳ್ಳಿ

ಇಷ್ಟೊಂದು ಏರ್ಪಾಡು ಏಕೆ ಬೇಕೆಂದು ನನಗೆ ಅರ್ಥವಾಗುತ್ತಿಲ್ಲ. ನಾಯಿಗೆ ನಂಬಿಕೆಯಿರುವುದು ನಿಮ್ಮ ಮೇಲೆ, ಅಪರಿಚಿತರ ಮೇಲಲ್ಲ. ಅದೇ ಕಿಟಕಿಯ ಪಕ್ಕದಲ್ಲಿ ನಿಮ್ಮ ಮೊಬೈಲಿನಿಂದಲೇ ತೆಗೆದರೆ ಕಾಳಿಯ ಮುಖದಲ್ಲಿ ನಿಜವಾದ ಭಾವ ಕಾಣುತ್ತದೆ. ಸಾವಿರಾರು ರೂಪಾಯಿಯನ್ನು ಒಂದು ಚಿತ್ರಕ್ಕೆ ಸುರಿಯುವುದು ದುಂದುವೆಚ್ಚ. ಆ ಹಣದಲ್ಲಿ ನಿಮ್ಮ ಬೀದಿಯ ಇನ್ನೊಂದು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು.

ಬೆಳಗಿನ ಬಿಸಿಲು, ಬೆಂಗಳೂರು

ಗೋಡೆಗೆ ಹಾಕುವ 12 ಇಂಚು ಅಗಲ, 18 ಇಂಚು ಎತ್ತರದ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆಗಳಂತೆ 3600 × 5400, ಅಂದರೆ ಸುಮಾರು 1.94 ಕೋಟಿ ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲಿನ, ಅಂದರೆ 1.2 ಕೋಟಿ ಪಿಕ್ಸೆಲಿನ ಮೊಬೈಲ್ ಚಿತ್ರ ಅಲ್ಲಿಗೆ ತಲುಪುವುದಿಲ್ಲ.

ಮೊಬೈಲೇ ಸಾಕು, ಹುಬ್ಬಳ್ಳಿ

ಗೋಡೆಯ ಮೇಲಿನ ಚಿತ್ರಕ್ಕೆ ಯಾರೂ ಮೂಗು ತಾಗಿಸಿ ನೋಡುವುದಿಲ್ಲ. ಇಂಚಿಗೆ 200 ಚುಕ್ಕೆಗಳಿದ್ದರೂ ಸಾಕು. ಆಗ 2400 × 3600, ಅಂದರೆ 90 ಲಕ್ಷಕ್ಕೂ ಕಡಿಮೆ ಪಿಕ್ಸೆಲ್ ಸಾಲುತ್ತದೆ. ಅಷ್ಟನ್ನು ಯಾವ ಮೊಬೈಲಾದರೂ ಕೊಡುತ್ತದೆ.

ಬೆಳಗಿನ ಬಿಸಿಲು, ಬೆಂಗಳೂರು

ನಿಮ್ಮ ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಆ ಚಿತ್ರ ವಾಟ್ಸ್‌ಆಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಒಮ್ಮೆ ಹೋಗಿಬಂದಿದ್ದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಅದು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ವೃತ್ತಿಪರರಿಂದ ಚಿತ್ರಗಳನ್ನು ಪಡೆಯುವಾಗಲೂ ಮೂಲ ಗಾತ್ರದ ಕಡತಗಳನ್ನು ಬೇರೆ ಕೊಂಡಿಯ ಮೂಲಕ ಕೊಡಬೇಕೆಂದು ಮೊದಲೇ ಹೇಳಿಡಿ.

ಶಾಸನಪ್ರಿಯ, ಮಂಡ್ಯ

ದುಂದುವೆಚ್ಚ ಎಂಬ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನದಲ್ಲಿ ಒಂದು ಬೇಟೆನಾಯಿಯ ಕಥೆಯಿದೆ, ಅದರ ಹೆಸರೂ ಕಾಳಿಯೇ. ಚೋಳರೊಡನೆ ನಡೆದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ಅರಸ ಇಮ್ಮಡಿ ಬೂತುಗನು ಬೇಕಾದುದನ್ನು ಬೇಡಿಕೋ ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರನು ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಡಿಸಿದ. ಶಾಸನದ ಕಾಲ ಕ್ರಿ.ಶ. 949-50. ನಾಯಿ ಹಂದಿಯೊಡನೆ ಸೆಣಸುತ್ತಿರುವ ಕೆತ್ತನೆಯಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ನಾಯಿಯ ಚಿತ್ರವನ್ನು ಕಲ್ಲಿನಲ್ಲಿ ಬಿಡಿಸಿ, ಅದರ ಹೆಸರನ್ನೂ ಬರೆಸಿದ್ದರು. ಒಂದು ಫೋಟೊ ತೆಗೆಸಲು ಕಾಳಿಯ ಮನೆಯವರು ಇಷ್ಟು ಸಂಕೋಚಪಡಬೇಕಾದ ಕಾರಣವಿಲ್ಲ.

ಮೊಬೈಲೇ ಸಾಕು, ಹುಬ್ಬಳ್ಳಿ

ಶಾಸನದ ಮಾಹಿತಿ ಹೊಸದು, ಕೃತಜ್ಞತೆಗಳು. ಆದರೆ ಮಣಲೇರನ ನಾಯಿ ಯಾರ ಮುಂದೆಯೂ ಭಯದಿಂದ ನಿಲ್ಲಬೇಕಾಗಿರಲಿಲ್ಲ. ನನ್ನ ಆಕ್ಷೇಪ ಹಣಕ್ಕಿಂತ ಹೆಚ್ಚಾಗಿ ಆ ಭಯದ ಬಗ್ಗೆ.

ಶ್ವಾನಪಾಠ, ಮಂಗಳೂರು

ಹುಬ್ಬಳ್ಳಿಯವರ ಈ ಎರಡನೆಯ ಮಾತು ತೂಕದ್ದು, ಇದನ್ನು ಯಾರೂ ಹಗುರವಾಗಿ ತಳ್ಳಿಹಾಕಬಾರದು. ನಾಯಿಗಳ ಲೋಕದಲ್ಲಿ ನೇರ ದಿಟ್ಟಿಸುವಿಕೆಯು ಬೆದರಿಕೆ, ದೊಡ್ಡ ಲೆನ್ಸ್ ಎಂದರೆ ರೆಪ್ಪೆ ಮಿಟುಕಿಸದ ಒಂದು ದೊಡ್ಡ ಕಣ್ಣು. ಅಂಜಿದ ನಾಯಿ ಕೂಡಲೇ ಬೊಗಳುವುದಿಲ್ಲ, ಕಚ್ಚುವುದಿಲ್ಲ. ಮೊದಲು ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ನೋಡುತ್ತದೆ, ಬಾಲವನ್ನು ಹೊಟ್ಟೆಯ ಕೆಳಗೆ ಮುದುರಿಕೊಳ್ಳುತ್ತದೆ. ಇದನ್ನು ಗುರುತಿಸಿ ಕ್ಯಾಮೆರಾ ಕೆಳಗಿಡುವವರು ಬೇಕು. ಕಿವಿ ಹಿಂದಕ್ಕೆ ಒತ್ತಿ, ಬಾಯಿ ಅಗಲಿಸಿ ಏದುಸಿರು ಬಿಡುತ್ತಿರುವ ನಾಯಿಯ ಚಿತ್ರಕ್ಕೆ "ನಗುವ ಮುಖ" ಎಂದು ಹೆಸರಿಟ್ಟು ಪ್ರಕಟಿಸುವವರನ್ನು ನಾನು ನೋಡಿದ್ದೇನೆ, ಅಂಥವರ ಕೈಗೆ ಅಂಜುವ ನಾಯಿಯನ್ನು ಕೊಡಬಾರದು.

ಆದ್ದರಿಂದ ಅವರ ಹಳೆಯ ಚಿತ್ರಗಳಲ್ಲಿ ಬೆಳಕನ್ನು ನೋಡುವ ಮೊದಲು ನಾಯಿಗಳ ಕಿವಿ, ಬಾಲ, ಬಾಯಿಗಳನ್ನು ನೋಡಿ. "ನಾಯಿ ಹೆದರಿದರೆ ಏನು ಮಾಡುತ್ತೀರಿ?" ಎಂದು ಫೋನಿನಲ್ಲಿ ಕೇಳಿ. "ಸ್ವಲ್ಪ ಹೊತ್ತು ಹಿಡಿದುಕೊಂಡರೆ ಸರಿಹೋಗುತ್ತದೆ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ. "ಅರ್ಧ ಗಂಟೆ ಸುಮ್ಮನೆ ಕುಳಿತಿರುತ್ತೇನೆ, ಅದಾಗಿ ಬಂದು ಮೂಸಲಿ" ಎನ್ನುವವರು ಸಿಕ್ಕರೆ ಸ್ವಲ್ಪ ಹೆಚ್ಚು ಕೇಳಿದರೂ ಕೊಡಿ. ಕೀಚ್ ಎನ್ನುವ ಗೊಂಬೆಯನ್ನು ಒತ್ತಿ ಕಿವಿ ನಿಮಿರಿಸುವ ಉಪಾಯ ಎಲ್ಲರಿಗೂ ಗೊತ್ತು. ಆದರೆ ಅದು ಒಂದೆರಡು ಬಾರಿ ಮಾತ್ರ ನಡೆಯುತ್ತದೆ, ಅಂಜುವ ನಾಯಿಗಳಲ್ಲಿ ಅದೇ ಸದ್ದು ಭಯವನ್ನು ಹೆಚ್ಚಿಸುವುದೂ ಉಂಟು.

ಟಾಮಿಯ ಅಣ್ಣ

ನಿದ್ದೆಯ ಔಷಧಿಯನ್ನು ಸ್ವಲ್ಪ ಕೊಟ್ಟರೆ ಸುಮ್ಮನಿರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಪ್ರಯಾಣದ ವೇಳೆ ಹಲವರು ಕೊಡುತ್ತಾರಲ್ಲವೇ?

ಪಶುವೈದ್ಯ, ಧಾರವಾಡ

ದಯವಿಟ್ಟು ಕೊಡಬೇಡಿ. ಫೋಟೊಗಾಗಿ ಮಂಪರು ಬರಿಸುವುದು ಯಾವ ರೀತಿಯಲ್ಲಿಯೂ ಸರಿಯಲ್ಲ, ಅದರಲ್ಲಿಯೂ ಹತ್ತು ವರ್ಷದ ನಾಯಿಗೆ ಹೃದಯ, ಯಕೃತ್ತುಗಳ ಪರೀಕ್ಷೆಯಿಲ್ಲದೆ ಕೊಡುವುದು ಅಪಾಯ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಅಸೆಪ್ರೊಮಝಿನ್‌ನಂಥ ಔಷಧಿ ಮೈಯನ್ನು ಸಡಿಲಗೊಳಿಸುತ್ತದೆಯೇ ಹೊರತು ಭಯವನ್ನು ಕಳೆಯುವುದಿಲ್ಲ. ನಾಯಿ ಒಳಗೆ ಹೆದರುತ್ತಲೇ ಇರುತ್ತದೆ, ಓಡಿಹೋಗಲು ಮಾತ್ರ ಅದಕ್ಕೆ ಆಗುವುದಿಲ್ಲ. ಮನುಷ್ಯರ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡುವುದಂತೂ ಬೇಡವೇ ಬೇಡ.

ಇನ್ನು ಫ್ಲ್ಯಾಶ್ ಕುರಿತು. ಸಾಮಾನ್ಯ ಬಳಕೆಯ ಫ್ಲ್ಯಾಶ್ ಬೆಳಕಿನಿಂದ ಆರೋಗ್ಯವಂತ ನಾಯಿಯ ದೃಷ್ಟಿಗೆ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ, ಆದರೆ ಬೆಚ್ಚಿಬೀಳುವ ನಾಯಿಗಳಿವೆ. ನಾಯಿಯ ರೆಟಿನಾದ ಹಿಂದೆ ಟಪೀಟಮ್ ಲೂಸಿಡಮ್ ಎಂಬ ಪ್ರತಿಫಲಿಸುವ ಪದರವಿದೆ. ಲೆನ್ಸಿನ ಪಕ್ಕದಿಂದಲೇ ಬೆಳಕು ಹೊಡೆದಾಗ ಕಣ್ಣು ಹಸಿರಾಗಿ ಅಥವಾ ಹಳದಿಯಾಗಿ ಉರಿಯುವಂತೆ ಕಾಣುವುದು ಅದರಿಂದಲೇ. ನಿಮ್ಮ ಕಾಳಿಯ ವಯಸ್ಸಿನಲ್ಲಿ ಕಣ್ಣಿನ ಮಸೂರ ಗಟ್ಟಿಯಾಗಿ ನೀಲಿಛಾಯೆಯ ಮಬ್ಬು ಬರುವುದು ಸಹಜ. ಅದು ಎಲ್ಲ ಸಂದರ್ಭದಲ್ಲಿಯೂ ಪೊರೆಯಲ್ಲ, ಆದರೆ ಎದುರಿನ ಬೆಳಕಿನಲ್ಲಿ ಆ ಮಬ್ಬು ಎದ್ದು ಕಾಣುತ್ತದೆ. ಕಿಟಕಿಯ ಬೆಳಕನ್ನೇ ಬಳಸಲು ಇದೂ ಒಂದು ಕಾರಣ.

ಸ್ನಾನವನ್ನು ಎರಡು ಮೂರು ದಿನ ಮೊದಲೇ ಮಾಡಿಸಿ. ಅಂದೇ ಸ್ನಾನ ಮಾಡಿಸಿದರೆ ಕೂದಲು ಉಬ್ಬಿ ಹಾರುತ್ತದೆ, ನಾಯಿಯೂ ಆ ಹಿಂಸೆಯ ಸಿಟ್ಟಿನಲ್ಲಿರುತ್ತದೆ. ಹೊಟ್ಟೆ ತುಂಬ ಉಣಿಸದೆ, ತಿನಿಸಿನ ಆಸೆ ಉಳಿಯುವಷ್ಟು ಹಸಿವಿರಲಿ. ಬೇಯಿಸಿದ ಕೋಳಿಮಾಂಸದ ಚೂರುಗಳು ಸಾಕು. ಛಾಯಾಗ್ರಾಹಕರು ತಾವೇ ತಿನಿಸು ತಂದರೆ ಅದರಲ್ಲಿ ಏನಿದೆ ಎಂದು ಕೇಳಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಝೈಲಿಟಾಲ್ ಎಂಬ ಸಕ್ಕರೆಯ ಬದಲಿ ಬೆರೆತ ಸಿಹಿ, ಇವು ನಾಯಿಗೆ ವಿಷ.

ಗರಿಮೆ, ಶಿವಮೊಗ್ಗ

ನಮ್ಮದು ಎರಡೂವರೆ ತಿಂಗಳ ಮರಿ. ಈ ಚಿಕ್ಕ ರೂಪ ಮತ್ತೆ ಸಿಗುವುದಿಲ್ಲವೆಂದು ಸ್ಟುಡಿಯೊಗೆ ಕರೆದುಕೊಂಡು ಹೋಗುವ ಯೋಚನೆಯಿದೆ. ಸರಿಯೇ, ವೈದ್ಯರೇ?

ಪಶುವೈದ್ಯ, ಧಾರವಾಡ

ಮನೆಯಲ್ಲಿಯೇ ತೆಗೆಸಿ. ಮರಿಯ ಲಸಿಕೆಗಳು ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ನಡೆಯುತ್ತವೆ. ಅವು ಮುಗಿಯುವ ಮುನ್ನ ಹಲವು ನಾಯಿಗಳು ಓಡಾಡಿದ ನೆಲದಿಂದ ಪಾರ್ವೊ ಸೋಂಕು ತಗಲಬಹುದು. ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ತೋಟದೊಳಗೆ ಕರೆದುಕೊಂಡು ಹೋಗುವುದಾದರೆ ರಕ್ತ ಹೀರುವ ಉಣ್ಣೆಹುಳು, ಉಂಬಳಗಳನ್ನೂ ನೆನಪಿಡಿ.

ಘಟಪ್ರಭೆಯ ದಡ, ಬಾಗಲಕೋಟೆ

ಕುಳಿತುಕೊಳ್ಳದ ನಾಯಿಯ ಬಗ್ಗೆ ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ. ನಾವು ಸಾಕಿರುವುದು ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಭಾರತೀಯ ತಳಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಇದೂ ಒಂದಾಗಿತ್ತು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆಯ ಈ ನಾಯಿಗೆ ಕುಂಡೆಯೂರಿ ಕೂರುವುದು ಹಿತವಲ್ಲ. ನಿಲ್ಲುತ್ತದೆ, ಇಲ್ಲವೇ ಪೂರ್ತಿ ಮಲಗುತ್ತದೆ. ನಗರದಿಂದ ಬಂದ ಛಾಯಾಗ್ರಾಹಕರೊಬ್ಬರು ಅದನ್ನು ಕೂರಿಸಲು ಸೊಂಟ ಒತ್ತತೊಡಗಿದಾಗ ನಮ್ಮ ತಂದೆಯವರು ಕೆಲಸ ನಿಲ್ಲಿಸಿಬಿಟ್ಟರು. ತಳಿಯನ್ನು ತಿಳಿಯದೆ ಬರುವವರಿಗೆ ಅದರ ಅಂದವೂ ಕಾಣುವುದಿಲ್ಲ. ಪಕ್ಕದಿಂದ ಗಡುಸಾದ ಬೆಳಕು ಬಿಟ್ಟರೆ ಪಕ್ಕೆಲುಬುಗಳ ನೆರಳೆದ್ದು, ಆರೋಗ್ಯವಾದ ನಾಯಿಯೇ ಉಪವಾಸ ಕೆಡವಿದ ನಾಯಿಯಂತೆ ಕಾಣುತ್ತದೆ, ಆಮೇಲೆ ಆ ಚಿತ್ರ ನೋಡಿದವರ ಬೈಗುಳವನ್ನು ನಾವು ಕೇಳಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಓಟದ ಚಿತ್ರಕ್ಕಾಗಿ "ಹಗ್ಗ ಬಿಡಿ" ಎಂದು ಅವರು ಎಷ್ಟೇ ಒತ್ತಾಯಿಸಿದರೂ ಬೇಲಿಯಿಲ್ಲದ ಜಾಗದಲ್ಲಿ ಬಿಡಬೇಡಿ. ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟುವ ತಳಿ ಇದು. ಮೊಲವೊಂದು ಕಂಡರೆ ಒಡೆಯನ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ.

ಮಲ್ಲೇಶ್ವರದ ಓದುಗ

ಬೇಲಿಯಿರುವ ಜಾಗ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಲಾಲ್‌ಬಾಗಿನಲ್ಲಿ ತೆಗೆಸಬಹುದೇ?

ಬೆಳಗಿನ ಬಿಸಿಲು, ಬೆಂಗಳೂರು

ಲಾಲ್‌ಬಾಗಿನೊಳಗೆ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಕಬ್ಬನ್ ಉದ್ಯಾನಕ್ಕೆ ನಾಯಿಗಳನ್ನು ಹಗ್ಗದೊಂದಿಗೆ ಕರೆತರುತ್ತಾರೆ, ಆದರೆ ವೃತ್ತಿಪರ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯ ಮುಂಗಡ ಅನುಮತಿ ಬೇಕು. ಅನುಮತಿ ಯಾರು ಪಡೆಯಬೇಕು, ಅದರ ಶುಲ್ಕ ಯಾರದು ಎಂಬುದನ್ನು ಹಣ ಕಟ್ಟುವ ಮುನ್ನವೇ ಬರೆಯಿಸಿಕೊಳ್ಳಿ. ಕಾವಲುಗಾರರು ಬಂದು ನಿಲ್ಲಿಸಿದಾಗ ಛಾಯಾಗ್ರಾಹಕರು "ಅದು ನಿಮ್ಮ ಜವಾಬ್ದಾರಿ" ಎಂದುಬಿಟ್ಟರೆ ಆ ದಿನದ ಹಣವೂ ಹೋಗುತ್ತದೆ, ಬೆಳಕೂ ಹೋಗುತ್ತದೆ.

ಕಾನೂನು ಪುಟ, ಬೆಂಗಳೂರು

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಯಾರೂ ಉತ್ತರಿಸಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಯಾರ ಕೋರಿಕೆಯ ಮೇರೆಗೆ ಛಾಯಾಚಿತ್ರ ತೆಗೆಯಲಾಯಿತೋ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅವರೇ ಅದರ ಕೃತಿಸ್ವಾಮ್ಯದ ಮೊದಲ ಒಡೆಯರು. ಅಂದರೆ ನೀವು ಏನಕ್ಕೂ ಸಹಿ ಹಾಕದೆ ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು ನಿಮ್ಮದು, ನಿಮ್ಮ ಅನುಮತಿಯಿಲ್ಲದೆ ಅವರು ಅದನ್ನು ಜಾಹೀರಾತಿಗೆ ಬಳಸುವಂತಿಲ್ಲ. ಆದರೆ "ಬೇರೆ ಒಪ್ಪಂದ ಇಲ್ಲದಿದ್ದಲ್ಲಿ" ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಬಹುತೇಕ ಛಾಯಾಗ್ರಾಹಕರ ಷರತ್ತುಗಳ ಹಾಳೆಯಲ್ಲಿ "ಎಲ್ಲ ಹಕ್ಕುಗಳೂ ನಮ್ಮವು" ಎಂಬ ಸಾಲು ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಹಕ್ಕು ಅವರಿಗೆ ಸೇರುತ್ತದೆ. ಆ ಸಾಲನ್ನು ಹೊಡೆದುಹಾಕಲು ಅಥವಾ "ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ" ಎಂದು ಸೇರಿಸಲು ಕೇಳುವ ಅಧಿಕಾರ ನಿಮಗಿದೆ. ಹಕ್ಕು ನಿಮ್ಮಲ್ಲಿದ್ದಾಗಲೂ ಚಿತ್ರ ತೆಗೆದವರು ತಾವೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನಡಿ ಅವರಿಗೆ ಉಳಿಯುತ್ತದೆ. ಅದು ನ್ಯಾಯವೂ ಹೌದು.

ಮ್ಯಾಂಚೆಸ್ಟರ್ ಕನ್ನಡತಿ

ಬ್ರಿಟನ್ನಿನಲ್ಲಿ ಇದು ತಿರುವುಮುರುವು. 1988ರ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದರೂ ಹಕ್ಕು ಛಾಯಾಗ್ರಾಹಕರದೇ, ಖಾಸಗಿ ಮತ್ತು ಮನೆಬಳಕೆಯ ಚಿತ್ರಗಳನ್ನು ಪ್ರಕಟಿಸದಂತೆ ತಡೆಯುವ ಅಧಿಕಾರ ಮಾತ್ರ ನಮಗಿದೆ. ಇಲ್ಲಿಯ ಇನ್ನೊಂದು ಪದ್ಧತಿ ಭಾರತಕ್ಕೂ ಬರುತ್ತಿದೆ ಎಂದು ಕೇಳಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ. ಚಿತ್ರೀಕರಣದ ಶುಲ್ಕ ಬಹಳ ಕಡಿಮೆಯಿರುತ್ತದೆ, ಕೆಲವೊಮ್ಮೆ ಉಚಿತವೆಂದೂ ಹೇಳುತ್ತಾರೆ, ಆದರೆ ಅದರಲ್ಲಿ ಒಂದು ಚಿತ್ರವೂ ಸೇರಿರುವುದಿಲ್ಲ. ಆಮೇಲೆ ಕೂರಿಸಿ, ಸಂಗೀತದೊಡನೆ ನಿಮ್ಮ ನಾಯಿಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಒಂದೊಂದಕ್ಕೂ ಬೆಲೆ ಹೇಳುತ್ತಾರೆ. ಮನಸ್ಸು ಕರಗಿದ ಆ ಹೊತ್ತಿನಲ್ಲಿ ಬೇಡವೆನ್ನಲು ಯಾರಿಗಾದರೂ ಕಷ್ಟ. ಎಷ್ಟು ಕಡತಗಳು ಸೇರಿವೆ, ಹೆಚ್ಚುವರಿ ಒಂದಕ್ಕೆ ಎಷ್ಟು, ಚೌಕಟ್ಟಿಗೆ ಎಷ್ಟು ಎಂಬ ಪಟ್ಟಿಯನ್ನು ಮೊದಲೇ ತರಿಸಿಕೊಳ್ಳಿ.

ಚಿನ್ನಿ ಮತ್ತು ಗುಂಡ

ಅದರ ಜೊತೆಗೆ ಹೇಳಿದ ಮೊತ್ತದಲ್ಲಿ 18% ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ.

ದಸರೆಯ ಗೊಂಬೆ, ಮೈಸೂರು

ನಾವು ಹಬ್ಬಕ್ಕೆಂದು ನಮ್ಮ ಪಗ್‌ಗೆ ಮೈಸೂರು ಪೇಟ, ಜರಿ ಶಲ್ಯ ಹಾಕಿಸಿ ತೆಗೆಸಿದೆವು, ಬಹಳ ಚೆನ್ನಾಗಿ ಬಂದಿದೆ. ಕಾಳಿಗೂ ಒಂದು ಪೇಟ ತೊಡಿಸಿ.

ಶ್ವಾನಪಾಠ, ಮಂಗಳೂರು

ಬೇಡವೆನ್ನುತ್ತೇನೆ. ತಲೆಗೆ ಏನನ್ನಾದರೂ ಕಟ್ಟಿದರೆ ನಾಯಿಯ ಕಿವಿಗಳು ಸಿಕ್ಕಿಕೊಳ್ಳುತ್ತವೆ, ಅದು ತನ್ನ ಭಾವವನ್ನು ಹೇಳುವುದೇ ಕಿವಿಗಳಿಂದ. ಎಂದೂ ಬಟ್ಟೆ ತೊಡದ ಹತ್ತು ವರ್ಷದ ನಾಯಿಗೆ ಅಪರಿಚಿತರ ಮುಂದೆಯೇ ಮೊದಲ ಬಾರಿ ತೊಡಿಸುವುದು ಇನ್ನೂ ತಪ್ಪು.

ದಸರೆಯ ಗೊಂಬೆ, ಮೈಸೂರು

ನಮ್ಮ ಪಗ್ ಚಿಕ್ಕಂದಿನಿಂದ ಬಟ್ಟೆಗೆ ಒಗ್ಗಿಕೊಂಡಿದೆ, ಬಾಲ ಆಡಿಸುತ್ತಲೇ ನಿಂತಿತ್ತು. ಎಲ್ಲ ನಾಯಿಗಳನ್ನೂ ಒಂದೇ ಸಾಲಿಗೆ ಸೇರಿಸುವುದು ಸರಿಯಲ್ಲ.

ಪಶುವೈದ್ಯ, ಧಾರವಾಡ

ಒಗ್ಗಿಕೊಂಡ ನಾಯಿಗೆ ಕೆಲವು ನಿಮಿಷ ತೊಡಿಸಿದರೆ ತೊಂದರೆಯಿಲ್ಲ. ಆದರೆ ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಏದುಸಿರಿನಿಂದ ಮೈ ತಣಿಸಿಕೊಳ್ಳುವುದೇ ಕಷ್ಟ. ಬೇಸಿಗೆಯ ಮಧ್ಯಾಹ್ನ ಜರಿ ಬಟ್ಟೆ ಹೊದಿಸಿ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಬೆಳಗ್ಗೆ ಎಂಟರೊಳಗೆ ಮುಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನೂ ಅಲ್ಲಿ ನಿಲ್ಲಿಸಬೇಡಿ.

ಕಾಳಿಯ ಮನೆ, ಮೈಸೂರು

ಎಲ್ಲರಿಗೂ ವಂದನೆಗಳು. ಶಾಸನದ ಕಾಳಿಯ ಕಥೆಯನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಪೇಟ ತೊಡಿಸುವುದಿಲ್ಲ. ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಕಪ್ಪು ನಾಯಿಗಳ ಒಳ್ಳೆಯ ಚಿತ್ರಗಳನ್ನು ಕಳುಹಿಸಿದರು, ಆದರೆ ಅವರು ತಮ್ಮ ಸ್ಟುಡಿಯೊದಲ್ಲಿ ಮಾತ್ರ ತೆಗೆಯುತ್ತಾರೆ, ಮುಂಗಡ ಹಿಂತಿರುಗಿಸುವುದಿಲ್ಲ. ಇನ್ನೊಬ್ಬರು ಮಹಿಳೆ, ಮನೆಗೆ ಬರುತ್ತಾರೆ, ಕಾಳಿ ಹೊರಗೆ ಬರದಿದ್ದರೆ ಇನ್ನೊಂದು ದಿನ ಬರುತ್ತೇನೆಂದರು, ಆದರೆ ಅವರ ಬಳಿ ಕಪ್ಪು ನಾಯಿಯ ಚಿತ್ರ ಒಂದೂ ಇಲ್ಲ. ಯಾರನ್ನು ಒಪ್ಪಲಿ?

ಬೆಳಗಿನ ಬಿಸಿಲು, ಬೆಂಗಳೂರು

ಎರಡನೆಯವರನ್ನು. ಕಪ್ಪು ನಾಯಿಗೆ ಬೆಳಕು ಹೊಂದಿಸುವುದನ್ನು ನಿಮ್ಮ ಮನೆಯ ಯಾವುದಾದರೂ ಕಪ್ಪು ಕಂಬಳಿಯನ್ನು ಕಿಟಕಿಯ ಬಳಿ ಇಟ್ಟು ಅವರು ಐದು ನಿಮಿಷದಲ್ಲಿ ಪರೀಕ್ಷಿಸಿಕೊಳ್ಳಬಹುದು. ತಾಳ್ಮೆಯನ್ನು ಹಾಗೆ ಒಂದು ದಿನದಲ್ಲಿ ಕಲಿಯಲಾಗುವುದಿಲ್ಲ.

ಮೊಬೈಲೇ ಸಾಕು, ಹುಬ್ಬಳ್ಳಿ

ಇದನ್ನು ನಾನೂ ಒಪ್ಪುತ್ತೇನೆ. ಅವರು ಮೊದಲ ದಿನ ಕ್ಯಾಮೆರಾ ಇಲ್ಲದೆ ಬಂದು ಚಹಾ ಕುಡಿದು ಹೋಗಲಿ.

ಕಾನೂನು ಪುಟ, ಬೆಂಗಳೂರು

ಇನ್ನೊಂದು ದಿನ ಬರುತ್ತೇನೆಂದ ಮಾತನ್ನು, ಹೆಚ್ಚುವರಿ ಶುಲ್ಕವಿಲ್ಲದೆ ಎಂಬುದನ್ನೂ ಸೇರಿಸಿ, ನೀವೇ ಒಂದು ಸಂದೇಶದಲ್ಲಿ ಬರೆದು ಅವರಿಗೆ ಕಳುಹಿಸಿ. ಅವರು ಅದಕ್ಕೆ ಒಪ್ಪಿ ಉತ್ತರಿಸಿದ ಮೇಲೆ ಮುಂಗಡ ಕೊಡಿ.

ಪಶುವೈದ್ಯ, ಧಾರವಾಡ

ಕಾಳಿಯ ರೇಬೀಸ್ ಲಸಿಕೆಯ ದಿನಾಂಕವನ್ನೂ ನೋಡಿಕೊಳ್ಳಿ, ವರ್ಷ ಮೀರಿದ್ದರೆ ಆ ಭೇಟಿಗೆ ಮೊದಲೇ ಹಾಕಿಸಿ. ಅಂಜುವ ನಾಯಿ ಮಂಚದ ಕೆಳಗಿರುವಾಗ ಯಾರೂ ಕೈ ಚಾಚಬಾರದೆಂದು ಬರುವವರಿಗೆ ತಿಳಿಸಿ. ಹಾಗೂ ಹಲ್ಲು ತಾಗಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಕಾಳಿಯ ಮನೆ, ಮೈಸೂರು

ಲಸಿಕೆಯ ಅವಧಿ ಈ ತಿಂಗಳು ಮುಗಿಯುತ್ತದೆ. ನಾಳೆಯೇ ಹಾಕಿಸಿ, ಅವರಿಗೆ ಮುಂದಿನ ವಾರದ ಬೆಳಗಿನ ಸಮಯ ಕೇಳುತ್ತೇನೆ.